ಕಾಪುವಿನಿಂದ ಬಂದ ತಡೆ

ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಹೊಸಬರಿಗೆಲ್ಲ ಹೇಳುವ ಕಥೆಯೊಂದುಂಟು: ಗ್ರೇಸಿ ಮೇಡಂ ಸತ್ತ ಮೇಲೂ ಬಂದು ಒಂದು ಫೈಲನ್ನು ತಡೆದರಂತೆ. ಈ ವಾದದ ಮೊದಲನೇ ದೋಷ, ಮೇಡಂ ಸತ್ತಿಲ್ಲ. ನಮ್ಮ ವಿಭಾಗದಿಂದಲೇ ನಿವೃತ್ತರಾಗಿ ಕಲ್ಯಾಣಪುರದಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವಗಳ ವಿರುದ್ಧ ಮಾತಾಡಿಯೇ ಕಪ್ ತಂದವ ನಾನು, ಇಂಥದ್ದನ್ನು ನಂಬಿದವನಲ್ಲ. ಆದರೆ ಆ ಮಧ್ಯಾಹ್ನ ಅಲ್ಲಿದ್ದವನೂ ನಾನೇ.

ಉಡುಪಿಯ ಸಣ್ಣ ಆಸ್ಪತ್ರೆ ನಮ್ಮದು. ರೋಗಿಗಳ ವಿವರವನ್ನು ಹಳೆಯ ಎಎಸ್/400 ಯಂತ್ರದಿಂದ ಹೊಸ ತಂತ್ರಾಂಶಕ್ಕೆ ದಾಟಿಸಬೇಕಿತ್ತು. ಅದರಲ್ಲಿನ ವಿವರಗಳ ಟೇಬಲನ್ನು ಪಠ್ಯದ ಫೈಲಾಗಿ ಇಳಿಸಿ ಕಳಿಸುವುದು ನಮ್ಮ ಕೆಲಸ. ಅದರಲ್ಲಿ ಕಾಮಾ ಗೀಮಾ ಇಲ್ಲ, ಪ್ರತಿ ವಿವರಕ್ಕೂ ಸಾಲಿನಲ್ಲಿ ಇಂತಿಷ್ಟೇ ಜಾಗ. ಬರೆಯಲು ಏನೂ ಇಲ್ಲದಿದ್ದರೆ ಆ ಜಾಗ ಖಾಲಿ ಉಳಿಯಬೇಕು. ಕುಗ್ಗಿದರೆ ಮುಂದಿನದ್ದೆಲ್ಲ ಎಡಕ್ಕೆ ಜಾರುತ್ತದೆ. ಯಾರಿಗೆ ಯಾವ ಮದ್ದು ಆಗುವುದಿಲ್ಲ ಎಂಬ ಗುರುತೂ ಅಂಥದೇ ಒಂದು ಜಾಗದಲ್ಲಿತ್ತು. ಪ್ರಜ್ಞೆ ಇದ್ದವರನ್ನು ಡಾಕ್ಟರು ಕೇಳಿಯಾರು. ಇಲ್ಲದವರ ಜೀವ ಆ ಗುರುತಿನ ಮೇಲೆ.

ಊಟ ಮುಗಿಸಿ ಫೈಲು ಕಳಿಸಲು ಹೊರಟೆ. ಕೆಲಸ ಅರ್ಧದಲ್ಲೇ ನಿಂತಿತು. ಯಾರೋ ತಡೆಹಿಡಿದಿದ್ದಾರೆ ಎಂದಿತು ಪರದೆ. ಯಾರೆಂದು ನೋಡಿದರೆ ಗ್ರೇಸಿ ಮೇಡಂ ಅವರ ಲಾಗಿನ್, ಕಾಪು ಊರಿನಲ್ಲಿದ್ದ ನಮ್ಮ ಕ್ಲಿನಿಕ್ಕಿನ ಟರ್ಮಿನಲ್! ಅವರಿಗೆ ಆ ಅಭ್ಯಾಸವಿತ್ತು, ನಿಜ. ಹೊರಗೆ ಹೋಗುವ ಫೈಲನ್ನು ತಡೆದಿಟ್ಟು, ಯಾವ ಸಾಲೂ ಜಾರಿಲ್ಲವೆಂದು ಪರದೆಗೆ ಸ್ಕೇಲು ಹಿಡಿದು ನೋಡಿಯೇ ಬಿಡುತ್ತಿದ್ದರು. ಆದರೆ ಅವರು ನಿವೃತ್ತರಾದ ಮೇಲೆ ಆ ಲಾಗಿನ್ ಅಳಿಸಿದ್ದು ನಾನೇ. ಕಾಪುವಿನ ಕ್ಲಿನಿಕ್ಕೂ ಮುಚ್ಚಿ, ಲೈನು ಕಡಿದಾಗಿತ್ತು.

ಪಕ್ಕದ ಕುರ್ಚಿಯಿಂದ ಕಾರ್ಕಳದ ಸುಧೀರ ಬಗ್ಗಿ ನೋಡಿದ. "ಎಂತ ಮಾರಾಯ, ಕಪ್ ಗೆದ್ದವನಲ್ವಾ ನೀನು? ಇದನ್ನು ಖಂಡಿಸು ನೋಡುವ!"

"ನೀನು ಬಾಯಿ ಮುಚ್ಚಿ ಮೊದಲು ಫೈಲು ತೆರೆ."

ತೆರೆದೆವು. ಎರಡನೇ ಫೋನ್ ನಂಬರ್ ಕೊಡದವರ ಸಾಲುಗಳಲ್ಲಿ ಆ ಖಾಲಿ ಜಾಗವನ್ನೇ ಪ್ರೋಗ್ರಾಂ ನುಂಗಿಹಾಕಿತ್ತು. ನಾವು ಮೊದಲು ಪರೀಕ್ಷಿಸಿದ್ದು ಫೈಲಿನ ಆರಂಭದ ಕೆಲವು ಸಾಲುಗಳನ್ನಷ್ಟೇ, ಅವು ಸರಿಯೇ ಇದ್ದವು. ಹಾಗೇ ಹೋಗಿದ್ದರೆ ಮದ್ದಿನ ಗುರುತು ತನ್ನ ಜಾಗ ತಪ್ಪಿ, ಹೊಸ ತಂತ್ರಾಂಶದ ಲೆಕ್ಕದಲ್ಲಿ ಅವರಿಗೆಲ್ಲ ಯಾವ ಮದ್ದಾದರೂ ಆಗುತ್ತಿತ್ತು. ತಿದ್ದಿ ಮತ್ತೆ ಕಳಿಸಿದೆವು. ಈ ಸಲ ಯಾರೂ ತಡೆಯಲಿಲ್ಲ.

ಅದೇ ವಾರ ಮಲ್ಪೆಯಲ್ಲಿ ಬೋಟಿನಿಂದ ಬಿದ್ದವರೊಬ್ಬರನ್ನು ಪ್ರಜ್ಞೆಯಿಲ್ಲದೆ ತಂದರು. ಜಾರಿದ್ದ ಸಾಲುಗಳಲ್ಲಿ ಅವರದೂ ಒಂದು. ಪೆನ್ಸಿಲಿನ್ ಕೂಡದು ಎಂದು ಪರದೆಯಲ್ಲಿ ಕೆಂಪಗೆ ಬಂತು. ಕೆಲವು ದಿನಗಳಲ್ಲಿ ಅವರು ನಡೆದುಕೊಂಡೇ ಮನೆಗೆ ಹೋದರು.

ಲಾಗಿನ್ ಪೂರ್ತಿ ಅಳಿದಿರಲಿಲ್ಲವೇ? ಯಾರಾದರೂ ತಮಾಷೆ ಮಾಡಿದರೇ? ಎಲ್ಲ ವಿವರಣೆಗಳನ್ನೂ ಹುಡುಕಿದೆ, ಎದುರು ಪಕ್ಷದವನಾಗಿ ನಾನೇ ಸೋಲಿಸಿದೆ. ಕೊನೆಗೆ ಉಳಿದದ್ದು ಕೃತಜ್ಞತೆ ಮಾತ್ರ. ಅದನ್ನು ಒಳಗಿಟ್ಟುಕೊಂಡು ಕೂರಲಾಗದೆ ಒಂದು ಭಾನುವಾರ ಕಲ್ಯಾಣಪುರಕ್ಕೆ ಹೋದೆ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. "ಆ ಮಲ್ಪೆಯವರು ಈಗ ಕೆಲಸಕ್ಕೆ ಹೋಗ್ತಾರಾ?" ಎಂದರು.

"ಹೋಗ್ತಾರೆ ಮೇಡಂ."

"ಒಳ್ಳೇದಾಯ್ತು. ವಾದ ಆಮೇಲೆ, ಮೊದಲು ತಿನ್ನು," ಎಂದು ತಟ್ಟೆಗೆ ಇಡ್ಲಿಯಂಥ ಬಿಸಿ ಸನ್ನಾ ಹಾಕಿದರು.

"ಮೇಡಂ, ಆ ಫೈಲು ತಡೆದವರಿಗೆ ನಾನು ಥ್ಯಾಂಕ್ಸ್ ಹೇಳ್ಲಿಕ್ಕೆ ಬಂದದ್ದು. ಸರಿಯಾದ ಮನೆಗೇ ಬಂದಿದ್ದೇನಲ್ವಾ?"