ತಲೆಕೆಳಗಾದ ಕೋಟೆ

ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋರು ಬೇಕಾದಷ್ಟಿದ್ದಾರೆ, ದುರ್ಬೀನು ಕಟ್ಟೋನು ನಾನೊಬ್ಬನೇ. ಪ್ಲಾಸ್ಟಿಕ್ ನೀರಿನ ಪೈಪು, ಕನ್ನಡಕದಂಗಡಿಯ ಲೆನ್ಸು, ಪೈಪಿನ ಮೇಲೆ ನಾನೇ ಹೊಲಿದ ಜೀನ್ಸ್ ಬಟ್ಟೆಯ ಅಂಗಿ, ಜೇಬು ಸಮೇತ. ನಮ್ಮ ಸೀಮೆಯದೇ ಕೋಟೆಬೆಟ್ಟದ ಹಳ್ಳಿ ರತ್ನಗಿರಿಗೆ ಹೆಣ್ಣು ನೋಡೋಕೆ ಹೋದಾಗ ಹೂವು ಹಣ್ಣಿನ ಜೊತೆ ಅದನ್ನೂ ಹೊತ್ತುಕೊಂಡು ಹೋದೆ. ನನ್ನ ಯೋಗ್ಯತೆಯನ್ನು ಬಾಯಲ್ಲಿ ಯಾಕೆ ಹೇಳಬೇಕು, ಅವರೇ ಕಣ್ಣಾರೆ ನೋಡಲಿ ಅಂತ.

ಹುಡುಗಿಯ ಅಪ್ಪ ಅಂಗಳದಲ್ಲಿ ನಿಂತು, ಪೈಪಿಗೆ ಕಣ್ಣಿಟ್ಟು ಬೆಟ್ಟದ ಕಡೆ ನೋಡಿದರು.

"ಏನಪ್ಪಾ ಇದು, ನಮ್ಮ ಕೋಟೆ ತಲೆಕೆಳಗಾಗೈತೆ?"

"ಇದು ಚಂದ್ರನ್ನ ನೋಡಾಕ ಮಾಡಿದ್ದು ಮಾವಾರೆ. ಆಕಾಶದಾಗ ಮೇಲು ಕೆಳಗು ಇರಂಗಿಲ್ರಿ."

"ನಾನಿನ್ನೂ ಮಾವ ಆಗಿಲ್ಲ. ಮತ್ತೆ ನಾವು ಬದುಕೋದು ನೆಲದ ಮ್ಯಾಲೆ."

ಬಾಗಿಲಲ್ಲಿ ಹುಡುಗಿ ಕಿಸಕ್ಕನೆ ನಕ್ಕಳು. ಈ ಸಂಬಂಧ ಇಲ್ಲಿಗೇ ಮುರಿಯಿತು ಅಂದುಕೊಂಡೆ. ಅವರು ಮಾತ್ರ ಕಣ್ಣು ತೆಗೆಯದೆ ಪೈಪನ್ನು ಮೆಲ್ಲಗೆ ತಮ್ಮ ಹೊಲದ ಕಡೆ ತಿರುಗಿಸಿದರು.

"ಕಾಲು ಮೇಲಾಗಿದ್ರೂ ಗುರುತು ಸಿಗ್ತದೆ. ಅದು ಪಕ್ಕದ ಮನೆಯೋನ ಹೋತ, ನಮ್ಮ ಕಡ್ಲೆಕಾಯಿ ಮೇಯ್ತೈತೆ" ಎನ್ನುತ್ತಾ ಕೋಲು ಹಿಡಿದು ಓಡಿದರು.

ವಾಪಸು ಬಂದು ಬೆವರು ಒರೆಸಿಕೊಂಡು, "ಪೈಪು ಇಲ್ಲೇ ಇರ್ಲಿ. ಹುಡುಗಿ ವಿಚಾರ ಆಮೇಲೆ ಹೇಳಿಕಳಿಸ್ತೀವಿ" ಎಂದರು.

ಇನ್ನೂ ಹೇಳಿಕಳಿಸಿಲ್ಲ. ನನಗೇನೂ ಚಿಂತೆಯಿಲ್ಲ. ಹೊಲದ ಧೂಳು ಇಂದಲ್ಲ ನಾಳೆ ಲೆನ್ಸಿಗೆ ಕೂತೇ ಕೂರುತ್ತದೆ. ಹೊಲಿಗೆ ಬಿಚ್ಚಿ ಅದನ್ನು ಒರೆಸೋಕೆ ಬರೋದು ಈ ಸೀಮೆಗೆಲ್ಲ ನನಗೊಬ್ಬನಿಗೇ.