ಫರ್ಸಿ ಹಾಸಲು ಬಿಡದ ಅಂಗಳ

ಸೊಲ್ಲಾಪುರದ ನನ್ನ ಮೊದಲ ಏಪ್ರಿಲಿನಲ್ಲಿ, ಬೆಳಿಗ್ಗೆ ಹಸಿರಾಗಿದ್ದ ದಾಸವಾಳ ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ನಿಂತಲ್ಲೇ ಹುರಿದುಹೋಗಿತ್ತು. ಮುಟ್ಟಿದರೆ ಎಲೆ ಹಪ್ಪಳದಂತೆ ಪುಡಿಯಾಯಿತು. ನಲ್ಲಿ ತಿರುಗಿಸಿದೆ, ಕೈ ಸುಟ್ಟಿತು. ಅಯ್ಯೋ ಶಿವನೇ, ಇದೆಂಥ ಊರು ಎಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ನಾನು ಮಂಡ್ಯ ಕಡೆಯವಳು. ನಮ್ಮಲ್ಲಿ ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಕಡ್ಡಿ ಚುಚ್ಚಿದರೂ ಚಿಗುರುತ್ತದೆ. ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿ ಬಂದೆ. ವಿಜಾಪುರ ರಸ್ತೆಯಲ್ಲಿ ಬಾಡಿಗೆಗೆ ಹಿಡಿದ ಮನೆಗೆ ನೀರು ಬರುವುದೇ ನಾಲ್ಕೈದು ದಿನಕ್ಕೊಮ್ಮೆ. ಅಕ್ಕಪಕ್ಕದವರು ಮರಾಠಿಯಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾರೆ. ಆ ಕನ್ನಡವೂ ನನಗೆ ಅರ್ಧಂಬರ್ಧ. ಮನೆ ಮುಂದಿನ ಹತ್ತಡಿ ಮಣ್ಣೊಂದೇ ನನ್ನದು ಅನ್ನಿಸುತ್ತಿತ್ತು.

ಅದರ ಮೇಲೂ ಕಣ್ಣು ಬಿತ್ತು. ಮನೆ ಮಾಲೀಕರು ಅಕ್ಕಲಕೋಟ ತಾಲೂಕಿನ ತಡವಳದವರು, ಮಾತು ಮೃದು, ಹಠ ಗಟ್ಟಿ. ಒಣಗಿದ ಗಿಡ ನೋಡಿ, ಅಂಗಳಕ್ಕೆಲ್ಲ ಫರ್ಸಿ, ಅಂದರೆ ಕಲ್ಲುಚಪ್ಪಡಿ, ಹಾಸಿಬಿಡುತ್ತೇನೆ ಎಂದರು. ಇನ್ನೊಂದು ಬೇಸಿಗೆ ಕೊಡಿ ಎಂದೆ. ಮುಂದಿನ ಮೇ ತಿಂಗಳಲ್ಲಿ ಹಸಿರು ಕಂಡರೆ ಸರಿ, ಇಲ್ಲದಿದ್ದರೆ ಕಲ್ಲೇ ಎಂದು ಹೇಳಿ ಹೋದರು. ನೋಡೇಬಿಡೋಣ ಎಂದುಕೊಂಡೆ.

ನಮ್ಮ ಆಸ್ಪತ್ರೆಯ ಆಯಾ ನೀಲವ್ವ ಕರಜಗಿಯವರು, ತವರಿನಲ್ಲಿ ಕುರಿ ಸಾಕುತ್ತಾರೆ. ದಾಸವಾಳ ಒಣಗುವ ಮುಂಚೆ, ಮಾರ್ಚಿನಲ್ಲಿ ಅವರಿಂದಲೇ ಒಂದು ಚೀಲ ಹಸಿ ಹಿಕ್ಕೆ ತರಿಸಿ ನಾನು ಗಿಡದ ಬುಡಕ್ಕೆ ಸುರಿದಿದ್ದೆ. ನಮ್ಮೂರಿನ ರೂಢಿಯಂತೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದೆ. ಗಿಡ ಸತ್ತ ಮೇಲೆ ನೀಲವ್ವ ಬಂದು ಮಣ್ಣು ಕೆದರಿ ನೋಡಿ ನಕ್ಕರು.

“ಹಸಿ ಹಿಕ್ಕಿ ಬೆಂಕಿ ಐತ್ರಿ ಸಿಸ್ಟರ್. ಮಳಿ ಕುಡದ ಮ್ಯಾಲ ಅದು ಗೊಬ್ಬರ ಆಗತೈತಿ. ಬ್ಯಾಸಗ್ಯಾಗ ಹಾಕಿದ್ರ ಬೇರ ಸುಡತೈತಿ.”

ಅವರಲ್ಲಿ ಬೇಸಿಗೆಯಲ್ಲಿ ಕುರಿ ಹಿಂಡು ಕೂರಿಸುವುದು ಬೆಳೆ ಇಲ್ಲದ ಹೊಲದಲ್ಲಿ. ಮೊದಲ ಮಳೆ ಬಿದ್ದು ಕಾವು ಇಳಿದ ಮೇಲೆಯೇ ಬಿತ್ತನೆ. ನನಗೋ ಬೇಸಿಗೆ ಬಂದರೆ ನಾಲೆ ನೆನಪಾಗುತ್ತಿತ್ತು, ಬುದ್ಧಿ ಓಡುತ್ತಿರಲಿಲ್ಲ.

ಜೂನಿನ ಮೊದಲ ಮಳೆಗೆ ಇಲ್ಲಿ ಮಿರಗ ಎನ್ನುತ್ತಾರೆ. ಮಿರಗ ಬಂದ ಮೇಲೆ ನುಗ್ಗೆ, ದಾಳಿಂಬೆ, ಕಣಗಿಲೆ, ಕರಿಬೇವು ನೆಟ್ಟೆ. ಮಲ್ಲಿಗೆಯ ಆಸೆ ಬಿಟ್ಟೆ, ಹೊಟ್ಟೆ ಉರಿಯಿತು, ಆದರೂ ಬಿಟ್ಟೆ. ಚಳಿಗೆ ಮೆಂತ್ಯ, ಕೊತ್ತಂಬರಿ. ಶಿವರಾತ್ರಿ ಕಳೆದ ಮೇಲೆ ಹೊಸದೇನೂ ನೆಡದೆ, ಬುಡಕ್ಕೆ ಜೋಳದ ದಂಟು ಹೊದಿಸಿದೆ. ನಳ ಬಂದ ದಿನ ಮಾತ್ರ ಬುಡ ತುಂಬ ನೀರು. ಮಿಕ್ಕ ದಿನ ಬಾಡಿದ ಎಲೆ ಕಂಡರೂ ಕೈ ಕಟ್ಟಿ ಕೂರಬೇಕು. ಅದನ್ನು ಕಲಿಯುವಷ್ಟರಲ್ಲಿ ಸಾಕುಸಾಕಾಯಿತು.

ಮೇ ತಿಂಗಳಲ್ಲಿ ತಮ್ಮನ ಮದುವೆಗೆಂದು ಎಂಟು ದಿನ ಊರಿಗೆ ಹೋಗಬೇಕಾಯಿತು. ನೀರು ಹಾಕಿರಿ ಎಂದು ನೀಲವ್ವನನ್ನು ಕೇಳಿದರೆ ಖಡಾಖಂಡಿತ ಒಲ್ಲೆ ಎಂದರು. ಬಿಸಿಲನ್ನು ಗಿಡಗಳೇ ತಡೆದುಕೊಳ್ಳಲಿ ಎಂದರು. ಊರಲ್ಲಿ ಅವ್ವ ಮಲ್ಲಿಗೆಗೆ ಬಕೆಟ್‌ಗಟ್ಟಲೆ ಸುರಿಯುವುದನ್ನು ಕಂಡು ರೇಗಿದೆ. ಯಾವ ಊರವಳೇ ನೀನು ಎಂಬಂತೆ ಅವಳು ನನ್ನನ್ನು ನೋಡಿದಳು.

ವಾಪಸ್ ಬಂದರೆ ಗೇಟಿನ ಪಕ್ಕ ಫರ್ಸಿ ಪೇರಿಸಿಟ್ಟಿತ್ತು. ಮಾಲೀಕರು ನುಗ್ಗೆಯ ನೆರಳಲ್ಲೇ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು. ದಾಳಿಂಬೆ ಒಂದಿಷ್ಟು ಎಲೆ ಉದುರಿಸಿತ್ತು, ಕಣಗಿಲೆ ಮಾತ್ರ ತುಂಬ ಹೂ ಬಿಟ್ಟಿತ್ತು.

“ನೀವು ಇರಲಿಲ್ಲಲ್ಲ, ನೀರ ಯಾರ ಹಾಕ್ಯಾರ?”

“ಯಾರೂ ಹಾಕಿಲ್ರಿ,” ಅವರದೇ ಕನ್ನಡದಲ್ಲಿ ಹೇಳಿದೆ. “ಫರ್ಸಿ ನಿಮ್ಮ ತಡವಳದ ಮನಿಗೆ ಒಯ್ಯಿರಿ.”

ಅವರು ನುಗ್ಗೆಯನ್ನು ಮೇಲೆ ಕೆಳಗೆ ನೋಡಿ, ಫರ್ಸಿ ಒಯ್ಯಲು ಟೆಂಪೋದವನಿಗೆ ಫೋನ್ ಹಚ್ಚಿದರು.

ಸಂಜೆ ಅವ್ವನಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ. ಗೆದ್ದೆ ಕಣವ್ವ, ಇನ್ನೆಷ್ಟು ಬೇಸಿಗೆ ಬಂದರೂ ನಾನು ಹೆದರಲ್ಲ ಎಂದೆ.

“ಹಂಗಾದ್ರೆ ನೀನು ಇನ್ನ ಇಲ್ಲಿಗೆ ಬರಾಕಿಲ್ಲ ಅನ್ನು,” ಎಂದಳು ಅವ್ವ.

ಮಿರಗ ಬಿದ್ದ ಮೇಲೆ ಬರ್ತೀನಿ ಕಣವ್ವ ಎಂದೆ; ಮಿರಗ ಅಂದ್ರೆ ಏನೇ ಎಂದು ಅವಳು ಕೇಳಿದಳು.