ಆಚೆ ಬದಿಯ ಹಲಗೆಯ ಮೇಲೆ ಡೆಲ್ಮರ್

ವಿಲ್ಮಾರ್ಕ್ ಹೈಸ್ಕೂಲಿನ ಫುಟ್‌ಬಾಲ್ ಹುಡುಗರು ಕಟ್ಟುವ ತಡೆಗೋಡೆ ಎಂದರೆ ಕಾನ್ಸಾಸಿನ ಗೋಧಿ ಸೀಮೆಯಲ್ಲೆಲ್ಲ ಹೆಸರುವಾಸಿ. ಅಲ್ಲಿಯ ಫುಟ್‌ಬಾಲೆಂದರೆ ಒಬ್ಬರು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವುದು, ಎದುರಿನವರು ಮೈಯೊಡ್ಡಿ ತಡೆಯುವುದು. ಚೆಂಡು ಎದುರಾಳಿಯ ಕೈಗೆ ಹೋದರೆ ಬೇರೆ ಊರವರು ಉಗುರು ಕಚ್ಚುತ್ತಾರೆ, ಈ ಊರವರಿಗೋ ಅದೇ ಹಬ್ಬ. "ಒಂದ್ ಇಲಿ ನುಸುಳ್ಲಿ ನೋಡೋಣ!" ಎಂದು ಎದೆ ತಟ್ಟಿಕೊಳ್ಳುವರು. ಆ ಗೋಡೆಯನ್ನು ಶುಕ್ರವಾರದ ಆಟದಲ್ಲಿ ಒಮ್ಮೆಯೂ ಕಣ್ಣಾರೆ ಕಾಣದವನು ಊರಿಗೆಲ್ಲ ಡೆಲ್ಮರ್ ವಾಸ್ ಒಬ್ಬನೇ. ಅದಕ್ಕೆ ಅಡಿಗಲ್ಲು ಇಡುತ್ತಿದ್ದವನೂ ಅವನೇ ಅನ್ನಿ.

ಡೆಲ್ಮರ್ ಗೋಧಿ ಗೋದಾಮಿನಲ್ಲಿ ತೂಕ ಹಾಕುವವನು. ಮದುವೆಯಾಗಲಿಲ್ಲ. ಹುಡುಗನಾಗಿದ್ದಾಗ ತಂಡಕ್ಕೆ ಸೇರಿದ್ದ, ಮೊದಲ ಆಟಕ್ಕೆ ಮುಂಚೆಯೇ ಅಭ್ಯಾಸದಲ್ಲಿ ಮಂಡಿ ಮುರಿಯಿತು. ಅಳುತ್ತ ಕೂತವನಿಗೆ ಕೋಚ್ ಲೈಮನ್ ಹೇಳಿದ್ದು ಇಷ್ಟೆ: "ಕಾಲು ಹೋದ್ರೆ ಹೋಯ್ತು, ಕಣ್ಣಿದೆಯಲ್ಲ? ಮುಂದಿನ ವಾರ ನಮ್ಮೆದುರು ಬರೋರು ಈ ಶುಕ್ರವಾರ ಇನ್ನೆಲ್ಲೋ ಆಡ್ತಾರೆ. ಹೋಗಿ ನೋಡ್ಕೊಂಡ್ ಬಾ."

ಅಂದಿನಿಂದ ಡೆಲ್ಮರನ ಶುಕ್ರವಾರಗಳೆಲ್ಲ ಪರವೂರಿನ ಪಾಲಾದವು. ಪರರ ಮೈದಾನ, ಪರರ ಜನ, ಮಧ್ಯೆ ಕಂದು ಟೋಪಿ ಹಾಕಿಕೊಂಡು ಇವನೊಬ್ಬ. ನೋಡಲು ಹೋದವನು ಕೂಗಬಾರದು, ತನ್ನ ತಂಡದ ಬಣ್ಣ ಉಡಬಾರದು, ತುಟಿ ಪಿಟಕ್ ಅನ್ನಬಾರದು. ಯಾವ ಹುಡುಗ ಓಡುವ ಮೊದಲು ಎತ್ತ ನೋಡುತ್ತಾನೆ, ಯಾವನು ಹಿಮ್ಮಡಿ ಎತ್ತುತ್ತಾನೆ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸೋಮವಾರ ಬಂದು ಹೇಳುವನು. ಆಮೇಲೆ ಲೈಮನ್ ಹುಡುಗರ ಮೇಲೆ ಗುಡುಗುವನು: "ಮೈಯಲ್ಲಿ ಕಸುವಿದ್ರೆ ಸಾಲ್ದು ಕಣ್ರೋ! ಏನು ಬರುತ್ತೆ ಅಂತ ಮೊದ್ಲೇ ಗೊತ್ತಿರ್ಬೇಕು. ಚೆಂಡಿನ ಹಿಂದೆ ಓಡ್ಬೇಡ, ನಿನ್ನ ಸಂದು ನೀನು ಕಾಯಿ. ಪಕ್ಕದವನು ಅವನ ಸಂದು ಕಾಯ್ತಾನೆ ಅಂತ ನಂಬು. ಒಬ್ಬ ಜಾಗ ಬಿಟ್ರೆ ಹನ್ನೊಂದು ಜನಾನೂ ದಂಡ."

ಡೆಲ್ಮರ್ ತನ್ನ ಸಂದನ್ನು ಬಿಡಲಿಲ್ಲ. ತಲೆ ನರೆಯಿತು, ಆದರೂ ಬಿಡಲಿಲ್ಲ.

ತನ್ನೂರಿನ ಆಟ ಅವನಿಗೆ ಸಿಗುತ್ತಿದ್ದದ್ದು ಶನಿವಾರ ಬೆಳಿಗ್ಗೆ, ಆರ್ಡಿಸಳ ಹೋಟೆಲಿನಲ್ಲಿ, ಕಾಫಿಯ ಜೊತೆ. ಗಂಡ ಸತ್ತ ಮೇಲೆ ಆ ಹೋಟೆಲು ನಡೆಸುತ್ತಿದ್ದ ಆರ್ಡಿಸ್ ಇವನ ಜೊತೆ ಓದಿದವಳು. ಮೊಟ್ಟೆ ಹುರಿಯುತ್ತಲೇ ಹಿಂದಿನ ಸಂಜೆಯ ಆಟವನ್ನು ಕೈಯಾಡಿಸಿ ಹೇಳುವಳು. ಸುತ್ತ ಕೂತವರು "ಅದು ಹಂಗಲ್ಲ" ಎಂದು ಜಗಳಕ್ಕೆ ಬೀಳುವರು. ಜಗಳವಾಡಲು ಡೆಲ್ಮರನ ಬಳಿ ಏನಿತ್ತು? ಅವನು ಕೇಳುವನು, "ಆಮೇಲೆ?" ಅನ್ನುವನು. ನಕ್ಕು ಕೋಣೆಗೆ ಹೋಗುವನು. ಅಲ್ಲಿ ಒಬ್ಬನೇ ಕೂತು, ಅವಳು ಕೈಯಾಡಿಸಿದ ಹಾಗೆ ತಾನೂ ಕೈಯಾಡಿಸಿ ನೋಡುವನು.

ಅರವತ್ತಾರನೆಯ ಇಸವಿಯಲ್ಲಿ ಶಾಲೆ ಮುಚ್ಚುತ್ತದೆಂದು ಗೊತ್ತಾಯಿತು. ಮಕ್ಕಳು ಸಾಲದು, ಬರುವ ವರ್ಷ ಪಕ್ಕದೂರಿನ ಶಾಲೆಗೆ ಸೇರಿಸುತ್ತಾರೆ. ಕೊನೆಯ ಆಟ ಆಸ್ಬರ್ಗ್ ಊರಿನ ಮೇಲೆ, ಇಲ್ಲೇ. ಸೋಮವಾರ ಡೆಲ್ಮರ್ ತಾನು ಕಂಡದ್ದು ಹೇಳಿದ: "ಅವರ ಎಡಗಡೆ ದಪ್ಪ ಹುಡುಗನ ಬೆರಳು ನೋಡಿ, ಕೋಚ್. ನೆಲಕ್ಕೂರಿದ ಗೆಣ್ಣು ಬೆಳ್ಳಗಾದ್ರೆ ಚೆಂಡು ಅವನ ಬೆನ್ನ ಹಿಂದೇನೇ ಬರುತ್ತೆ."

"ಭೇಷ್. ಸರಿ ಡೆಲ್ಮರ್, ಇನ್ನು ನೋಡೋಕೆ ಯಾರೂ ಉಳಿದಿಲ್ಲ. ಈ ಶುಕ್ರವಾರ ಮಲಗು ಹೋಗು."

ಮಲಗುವುದಂತೆ! ಊರವರ ನಡುವೆ ಕೂತು, ಊರವರ ಜೊತೆ ಗಂಟಲು ಹರಿಯುವಂತೆ ಕೂಗಬೇಕು, ಅದೂ ಒಂದೇ ಒಂದು ಸಲ. ಬದುಕಿನಲ್ಲಿ ಅವನು ಬೇರೇನನ್ನೂ ಇಷ್ಟು ಬಯಸಿರಲಿಲ್ಲ. ಪೆಟ್ಟಿಗೆಯ ತಳದಿಂದ ತಂಡದ ಬಣ್ಣದ ಹಳೆಯ ಕೆಂಪು ಉಣ್ಣೆ ಟೋಪಿ ತೆಗೆದು, ಕಿವಿ ಮುಚ್ಚುವಂತೆ ಹಾಕಿಕೊಂಡು ಹೊರಟ.

ಮೈದಾನದಲ್ಲಿ ಊರವರು ಕೂರುವ ಬದಿಯ ಹಲಗೆಗಳ ಮೇಲೆ ಜಾಗ ಹಿಡಿಯಲು ಮಧ್ಯಾಹ್ನವೇ ಕಂಬಳಿ ಹಾಸಿದ್ದರು. ಒಂದೊಂದು ಮನೆಗೆ ಒಂದೊಂದು ಜಾಗ, ಅಪ್ಪನ ಕಾಲದಿಂದ ಬಂದದ್ದು. ಡೆಲ್ಮರನಿಗೆ ಎಲ್ಲಿಯದು ಕಂಬಳಿ? ಕೆಳಗೆ ಕಟಕಟೆಗೆ ಒರಗಿ ನಿಂತುಕೊಂಡ. ಎಷ್ಟು ಹತ್ತಿರ, ಹುಡುಗರ ಉಸಿರೂ ಕಾಣುತ್ತಿತ್ತು! ಅಷ್ಟರಲ್ಲಿ ಹಿಂದಿನಿಂದ ಗದರಿಕೆ: "ಏಯ್ ಕೆಂಪು ಟೋಪಿ! ನೀನೇನು ಗಾಜಲ್ಲಿ ಮಾಡಿದೋನಾ? ಆಚೆ ಸರಿ ಮಾರಾಯ!"

ಅದು ಆರ್ಡಿಸಳ ದನಿ. ಜನ ಗೊಳ್ಳೆಂದು ನಕ್ಕರು. ತಿರುಗಿದ್ದರೆ ಗುರುತು ಹಿಡಿಯುತ್ತಿದ್ದಳು, ಜಾಗವನ್ನೂ ಕೊಡುತ್ತಿದ್ದಳೇನೋ. ತಿರುಗಲು ಅವನಿಗೆ ಮುಖವಿರಲಿಲ್ಲ. ತಲೆ ತಗ್ಗಿಸಿ ಮೈದಾನ ಸುತ್ತಿ ಆಸ್ಬರ್ಗಿನವರ ಕಡೆ ಹೋಗಿ, ಟೋಪಿಯನ್ನು ಜೇಬಿಗೆ ತುರುಕಿ, ಖಾಲಿ ಹಲಗೆಯ ತುದಿಯಲ್ಲಿ ಕೂತ. ಅಲ್ಲಿ ಕೂರುವುದು ಅವನಿಗೆ ರೂಢಿಯಾಗಿತ್ತು.

ಆಟ ಮುಗಿಯುತ್ತ ಬಂದಾಗ ಆಸ್ಬರ್ಗಿಗೆ ಗೆರೆ ದಾಟಲು ಒಂದೇ ಗಜ ಬಾಕಿ, ಒಂದೇ ಅವಕಾಶ. ದಾಟಿದರೆ ಅವರ ಗೆಲುವು. ದಪ್ಪ ಹುಡುಗ ಬಗ್ಗಿ ಬೆರಳೂರಿದ. ವಿಲ್ಮಾರ್ಕಿನ ನಡುವಿನ ಹುಡುಗ ಆ ಬೆರಳನ್ನೇ ನೋಡಿ ಏನೋ ಕೂಗಿದ. ಹನ್ನೊಂದು ಜನವೂ ಒಂದೇ ಮೈಯಾಗಿ ಬಿಗಿದರು, ಒಬ್ಬನೂ ಜಾಗ ಬಿಡಲಿಲ್ಲ. ಚೆಂಡು ಹಿಡಿದವನು ಬಂದು ಅಪ್ಪಳಿಸಿ ಅಲ್ಲೇ ಕುಸಿದ.

ಡೆಲ್ಮರ್ ಎದ್ದು ಬಾಯಿ ತೆರೆದ. ದನಿ ಬರಲಿಲ್ಲ. ಇಷ್ಟು ವರ್ಷ ಬೀಗ ಹಾಕಿದ್ದ ಗಂಟಲು ಒಂದು ಸಂಜೆಗೆ ಬಿಚ್ಚೀತೇ? ಸುತ್ತಲಿನವರು ಮುಖ ಮುಚ್ಚಿಕೊಂಡು ಕೂತಿದ್ದರು. ಆಚೆ ಬದಿಯಲ್ಲಿ ಅವನ ಊರು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಿತ್ತು.

ಮಾರನೆಯ ಬೆಳಿಗ್ಗೆ ಕಂದು ಟೋಪಿ ಹಾಕಿಕೊಂಡೇ ಹೋಟೆಲಿಗೆ ಹೋದ.

"ಅಯ್ಯೋ ಡೆಲ್ಮರ್, ಇದೊಂದನ್ನಾದ್ರೂ ನೀನು ನೋಡ್ಬೇಕಿತ್ತು ಕಣೋ!" ಎಂದು ಆರ್ಡಿಸ್ ಕಾಫಿ ಸುರಿದಳು. "ಶುರುವಿನಲ್ಲೇ ಯಾವನೋ ಕೆಂಪು ಟೋಪಿಯವನು ಕಂಬದ ಹಂಗೆ ಅಡ್ಡ ನಿಂತ್ಬಿಟ್ಟಿದ್ದ. ಗದರಿಸಿ ಓಡಿಸ್ದೆ, ಬಿಡು."

ಡೆಲ್ಮರ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆಮೇಲೆ?" ಅಂದ.